ಹೆಂಡತಿಗೆ ಕೊಟ್ಟ ಹಿಂಡು

ಒಂದೂರು ಇತ್ತಂತೆ. ಊರಿಗೆ ಹೆಸರಿಲ್ಲವೇ ಅಂತ ಕೇಳಬೇಡಿ, ನನಗೆ ಹೇಳಿದವರೂ ಹೇಳಲಿಲ್ಲ. ಕಪ್ಪು ಎರೆ ಹೊಲ, ನಡುವೆ ಒಂದು ಹಳ್ಳ, ಹಳ್ಳದ ಆಚೆ ಮಸೀದಿ, ಈಚೆ ಕುರಿಹಟ್ಟಿ. ಕಥೆಗೆ ಇಷ್ಟು ಸಾಕು.

ಆ ಊರಲ್ಲಿ ಬುಡನಸಾಬ ಅಂತೊಬ್ಬ ಇದ್ದನಂತೆ. ಬೆಳಿಗ್ಗೆ ಅವನ ಹಟ್ಟಿಯ ಬಾಗಿಲು ತೆಗೆದರೆ, ಮುಂದಿನ ಕುರಿ ಹಳ್ಳದಲ್ಲಿ ನೀರು ಕುಡಿಯುವಾಗ ಹಿಂದಿನ ಕುರಿ ಇನ್ನೂ ಬಾಗಿಲಲ್ಲೇ ಇರುತ್ತಿತ್ತಂತೆ. ಅಷ್ಟು ದೊಡ್ಡ ಹಿಂಡು. ಮನುಷ್ಯ ದೈವಭಕ್ತನೇ. ದೇವರೊಬ್ಬನೇ, ಪೈಗಂಬರರು ಅವನು ಕಳಿಸಿದವರು ಅಂತ ಕಲಿಮಾ ಹೇಳುವಾಗ ಕಣ್ಣು ತುಂಬಿಕೊಳ್ಳುತ್ತಿದ್ದ. ಐದು ಹೊತ್ತೂ ನಮಾಜು, ರಂಜಾನ್ ತಿಂಗಳು ಪೂರ್ತಿ ರೋಜಾ, ಸಾಯುವುದರೊಳಗೆ ಮಕ್ಕಾ ನೋಡಬೇಕೆಂಬ ಆಸೆ. ಎಲ್ಲ ಸರಿ. ಜಕಾತ್ ಅಂದಾಗ ಮಾತ್ರ ಅವನಿಗೆ ಹೊಟ್ಟೆ ಹಿಡಿದುಕೊಳ್ಳುತ್ತಿತ್ತಂತೆ.

ಜಕಾತ್ ಅಂದರೆ ಗೊತ್ತಲ್ಲ, ಉಳ್ಳವರ ಆಸ್ತಿಯಲ್ಲಿ ಬಡವರಿಗೆ ಸೇರಬೇಕಾದ ಪಾಲು. ಮೇಯುವ ಹಿಂಡು ಒಬ್ಬರ ಒಡೆತನದಲ್ಲಿ ಒಂದು ವರ್ಷ ತುಂಬಿಸಿದರೆ ಅದರಲ್ಲಿ ಇಂತಿಷ್ಟು ಕುರಿ ಕೊಡಲೇಬೇಕು. ವರ್ಷ ತುಂಬದಿದ್ದರೆ ಕೊಡಬೇಕಾಗಿಲ್ಲ. ನಮ್ಮ ಬುಡನಸಾಬ ಗಟ್ಟಿಯಾಗಿ ಹಿಡಿದುಕೊಂಡದ್ದು ಈ ಕೊನೆಯ ಮಾತನ್ನು. ಅವನ ವರ್ಷ ತುಂಬುವುದು ರಂಜಾನ್ ಚಂದ್ರ ಕಂಡಾಗ. ಅದಕ್ಕೆ ಸ್ವಲ್ಪ ಮುಂಚೆ ಸಾಕ್ಷಿ ಕೂರಿಸಿಕೊಂಡು, "ಹಿಂಡೆಲ್ಲ ನನ್ನ ಹೆಂಡತಿಗೆ ಕೊಟ್ಟೆ" ಅನ್ನುವನು. ಹಬ್ಬ ಮುಗಿದ ಮೇಲೆ ಹೆಂಡತಿ, "ಹಿಂಡೆಲ್ಲ ನನ್ನ ಗಂಡನಿಗೆ ಕೊಟ್ಟೆ" ಅನ್ನುವಳು. ಅವನ ಕೈಯಲ್ಲೂ ವರ್ಷ ತುಂಬಲಿಲ್ಲ, ಇವಳ ಕೈಯಲ್ಲೂ ತುಂಬಲಿಲ್ಲ. ಬಡವರಿಗೆ ಒಂದು ಬಾಲವೂ ಸಿಗಲಿಲ್ಲ. ತಲೆ ನೋಡಿ ಅವನದು!

ಒಂದು ವರ್ಷ ಹಬ್ಬ ಮುಗಿಯಿತು. ಹೆಂಡತಿ ಜೈತುನಬಿ ಬಾಯಿ ಬಿಡಲಿಲ್ಲ. ಬುಡನಸಾಬ ಕಾದ, ಕೆಮ್ಮಿದ, ಕೊನೆಗೆ ಕೇಳಿದ.

"ಏನರ ಹೇಳೂದು ಮರತಿ ಏನ?"

"ಹಬ್ಬದ ಸುರಕುಂಬಾ ಪಾಯಸದಾಗ ಸಕ್ಕರಿ ಕಡಿಮಿ ಆಗಿತ್ತೇನ್ರೀ?"

"ಕುರಿ ಮಾತು."

"ಕುರಿ ಆರಾಮ ಅದಾವ. ನನ್ನ ಕುರಿ ಚಿಂತಿ ನಿಮಗ್ಯಾಕ?"

ಬುಡನಸಾಬ ಎದ್ದು ನಿಂತ. "ತಮಾಷಿ ಮಾಡಬ್ಯಾಡ," ಅಂದ.

"ತಮಾಷಿ ಮಾಡಿದವರು ಯಾರು? ಕೊಟ್ಟೆ ಅಂದಿದ್ದು ಖರೆ ಇದ್ರ ಕುರಿ ನನ್ನವು. ಸುಳ್ಳಿದ್ರ, ಇಷ್ಟು ವರ್ಷದ ಬಡವರ ಪಾಲು ನಿಮ್ಮ ಕೊಳ್ಳಾಗ ಐತಿ. ಯಾವುದಂತ ಹೇಳ್ರಿ."

ಬುಡನಸಾಬ ಚಪ್ಪಲಿಯನ್ನೂ ಮೆಟ್ಟದೆ, ಧರ್ಮದ ನ್ಯಾಯ ಹೇಳುವ ಖಾಜಿಯವರ ಮನೆಗೆ ಓಡಿದನಂತೆ. ಅವನ ಮಾತು ಕೇಳುತ್ತ ಕೇಳುತ್ತ ಖಾಜಿಯವರ ಕೈಯಲ್ಲಿದ್ದ ಜಪಮಣಿ ನಿಂತೇ ಹೋಯಿತಂತೆ.

"ತೋಬಾ ತೋಬಾ. ಬುಡನ್, ಇಷ್ಟು ವರ್ಷ ಇದನ್ನ ಮಾಡಿದಿ ಏನಪಾ? ನಾ ಏನ ಹೇಳಲಿ? ಅಲ್ಲಾ ನೋಡೂದು ನಿಯ್ಯತ್ತು, ಮನಸಿನಾಗ ಏನಿತ್ತು ಅಂತ. ನಿನ್ನ ಮನಸಿನಾಗ ಏನಿತ್ತು? ಖರೇನೋ, ಸುಳ್ಳೋ?"

ಬುಡನಸಾಬ ಲೆಕ್ಕ ಹಾಕಿದ. ಸುಳ್ಳು ಅಂದರೆ ಹಳೆಯ ಪಾಲೆಲ್ಲ ಕಟ್ಟಬೇಕು. ಖರೆ ಅಂದರೆ ಕುರಿ ಮನೆಯಲ್ಲೇ ಉಳಿಯುತ್ತವೆ, ಹೆಂಡತಿಯ ಸಿಟ್ಟು ಇಂದಲ್ಲ ನಾಳೆ ಇಳಿಯುತ್ತದೆ. "ಖರೇನ ಕೊಟ್ಟೀನ್ರಿ," ಅಂದುಬಿಟ್ಟ.

ಮರುದಿನ ಬೆಳಿಗ್ಗೆ ಜೈತುನಬಿ ಅವನ ಕೈಗೆ ಕೋಲು ಕೊಟ್ಟಳಂತೆ. "ಕುರಿ ಕಾಯಾಕ ಒಬ್ಬ ಆಳು ಬೇಕಿತ್ತು. ನಿಮಗ ಕೆಲಸಾ ಬರ್ತೈತಿ. ಎರಡ ಹೊತ್ತ ಊಟ, ಹಬ್ಬಕ್ಕೊಂದು ಕಂಬಳಿ."

ನಿನ್ನೆಯ ಒಡೆಯ ಇಂದು ಆಳಾಗಿ ಹಿಂಡಿನ ಹಿಂದೆ ಹೋಗುವುದನ್ನು ಕಂಡು ಹಳ್ಳದಲ್ಲಿ ನೀರು ತುಂಬುತ್ತಿದ್ದ ಹೆಂಗಸರು ಬಿಟ್ಟ ಬಾಯಿ ಮುಚ್ಚಲಿಲ್ಲವಂತೆ.

ಹೀಗೇ ಮೊಹರಂ ಬಂತು. ಪಕ್ಕದ ಹಟ್ಟಿಯ ಲಾಡಸಾಬ ಒಂದು ಕುರಿ ಹಿಡಿದುಕೊಂಡು ಬಂದ.

"ಬುಡನಣ್ಣಾ, ಇದು ನಿನಗ."

"ಯಾಕಪಾ?"

"ನನ್ನ ವರ್ಷ ತುಂಬೈತಿ. ಜಕಾತ್."

ಬುಡನಸಾಬನಿಗೆ ಕಪಾಳಕ್ಕೆ ಹೊಡೆದಂತಾಯಿತು. "ನನಗ? ಜಕಾತ್?"

"ಮತ್ತ? ನಿನಗ ಸ್ವಂತದ್ದು ಅಂತ ಏನೈತಿ ಈಗ? ನೀ ಕೊಟ್ಟಾಗ ಸಾಕ್ಷಿಗೆ ನಾನ ಕೂತಿದ್ದೆ."

ಕುರಿ ಕಂಡ ಬುಡನಸಾಬನ ಕೈ ಸುಮ್ಮನಿರುತ್ತದೆಯೇ? ಹಲ್ಲು ನೋಡಿತು, ಕಾಲು ನೋಡಿತು, ಹೊಟ್ಟೆ ಮುಟ್ಟಿತು. ಕುಂಟಲ್ಲ, ಮುದಿಯಲ್ಲ. ಇವತ್ತೋ ನಾಳೆಯೋ ಈಯುವ ಕುರಿ.

"ಇಂಥಾ ಚಲೋದು ಯಾಕ ತಂದಿ?"

"ಕುಂಟ ಕುರಿ ತಂದ್ರ ತಗೊಂಡವ ಏನ ಮಾಡ್ಯಾನು?" ಅಂದು ಲಾಡಸಾಬ ಹೊರಟುಹೋದ.

ಆ ಕುರಿಯನ್ನು ಬುಡನಸಾಬ ಹೆಂಡತಿಯ ಹಿಂಡಿಗೆ ಬಿಡದೆ ಬೇರೆ ಕಟ್ಟಿದನಂತೆ. ಅದು ಮರಿ ಹಾಕಿದಾಗ, ಹೆತ್ತ ತಾಯಿಯ ಹಾಗೆ ಮಡಿಲಲ್ಲಿಟ್ಟುಕೊಂಡು ಕೂತಿದ್ದನಂತೆ.

ಮತ್ತೆ ರಂಜಾನ್ ಹತ್ತಿರ ಬಂತು. ಜೈತುನಬಿ ಸಾಕ್ಷಿಗಳನ್ನು ಕರೆಸಿ ಹಟ್ಟಿಯ ಮುಂದೆ ಕೂರಿಸಿದಳು.

"ರೀ, ನಾಳೆ ನನ್ನ ವರ್ಷ ತುಂಬತೈತಿ. ಇವತ್ತ ಹಿಂಡು ನಿಮಗ ಕೊಟ್ಟಬಿಟ್ರ ನಾನೂ ಪಾಲು ಕೊಡೂದು ಬ್ಯಾಡ, ನೀವೂ ಬ್ಯಾಡ. ಕೊಡ್ಲೇನು?"

ನೋಡಿ, ಹೂಂ ಅಂದರೆ ಸಾಕು. ಇಡೀ ಹಿಂಡು, ಒಂದು ಕೂದಲೂ ಕಡಿಮೆಯಾಗದೆ, ಅವನದು. ಬುಡನಸಾಬ ಹಟ್ಟಿಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದನಂತೆ, ಆಮೇಲೆ ಬೇರೆ ಕಟ್ಟಿದ್ದ ತನ್ನ ಜಕಾತಿನ ಕುರಿಯನ್ನು, ಅದರ ಮರಿಯನ್ನು ನೋಡಿದನಂತೆ.

"ಇವತ್ತ ಬ್ಯಾಡ," ಅಂದ.

ಸಾಕ್ಷಿಗಳು ಒಬ್ಬರ ಮುಖ ಒಬ್ಬರು ನೋಡಿದರು. ಈ ಸಲ ಬೆಚ್ಚಿಬಿದ್ದವಳು ಜೈತುನಬಿ. ಈ ಉತ್ತರ ಅವಳೂ ಎಣಿಸಿರಲಿಲ್ಲವಂತೆ. "ಮತ್ತ ಯಾವಾಗ?"

"ನಾಡಿದ್ದು ಕೊಡು. ಬಡವರ ಪಾಲಿನ ಕುರಿ ಅವರ ಮನಿಗೆ ಹೋದ ಮ್ಯಾಲ."

ಪಾಲಿನ ಕುರಿಗಳನ್ನು ಅವನೇ ಆರಿಸಿ, ಅವನೇ ಮನೆಮನೆಗೆ ಮುಟ್ಟಿಸಿದನಂತೆ. ಆಮೇಲೆ ಹಿಂಡು ಅವನದಾಯಿತು, ಅಲ್ಲಿಂದ ಮುಂದೆ ಕೈ ಬದಲಾಗಲಿಲ್ಲ.

ಅವರ ಹಿಂಡು ಅಲ್ಲಿ ಹಟ್ಟಿ ಸೇರಿತು, ನನ್ನ ಕಥೆ ಇಲ್ಲಿ ನಿಮ್ಮ ಕಿವಿ ಸೇರಿತು.