ಬೀರಣ್ಣನ ಮನೆಗೆ ಯಜಮಾನ ಯಾರು?

"ನನ್ನ ರಾಜ್ಯದಲ್ಲಿ ಕಂಬಳಿ ನೇಯುವವನಿಗೂ ಸ್ವಂತ ಮನೆ ಇದೆ, ಗೊತ್ತೇನ್ರೋ!" ಅಂತ ಕಲ್ಲೂರುಕೋಟೆಯ ರಾಜ ತುಂಬಿದ ಸಭೆಯಲ್ಲಿ ಮೀಸೆ ತಿರುವಿದ. "ಎಲ್ಲಾ ನಮ್ಮ ನಂಜರಾಯನ ಪುಣ್ಯ."

ನಂಜರಾಯ ಮನೆ ಮಾರುವವನೂ ಹೌದು, ಅದಕ್ಕೆ ಸಾಲ ಕೊಡುವವನೂ ಹೌದು. ಮಹಾ ದಯಾಳು! ಸಾಲ ತೀರುವವರೆಗೆ ಮನೆಪತ್ರವನ್ನು ತನ್ನ ಪೆಟ್ಟಿಗೆಯಲ್ಲೇ ಅಡವಿಟ್ಟುಕೊಳ್ಳುತ್ತಿದ್ದ. ಪಾಪ, ಬಡವರ ಮನೆಯಲ್ಲಿ ಇಲಿ ತಿಂದುಬಿಟ್ಟರೆ ಅಂತ!

ರಾಜ ಹೇಳಿದ ಆ ಕಂಬಳಿ ನೇಯುವವನೇ ಬೀರಣ್ಣ. ಮುಂಬಾಗಿಲಿನ ಕೆತ್ತನೆ ನೋಡಿ ಮರುಳಾಗಿ, ಹಿತ್ತಲ ಕಡೆ ಇಣುಕಿಯೂ ನೋಡದೆ ಮನೆ ಕೊಂಡಿದ್ದ. ಒಕ್ಕಲು ಹೋಗುವ ಮೊದಲೇ ಒಂದು ಮಳೆ ಬಂತು. ಹಿಂದಿನ ಗೋಡೆ ಧೊಪ್ಪನೆ ಮಲಗಿಬಿಟ್ಟಿತು.

ಬೀರಣ್ಣ ನಂಜರಾಯನ ಹತ್ತಿರ ಓಡಿದ. "ಬುದ್ಧೀ, ಗೋಡೆ ಬಿತ್ತು."

"ಮನೆ ನಿನ್ನದು, ಗೋಡೆ ನಿನ್ನದು. ಕಟ್ಟಿಸ್ಕೋ ಹೋಗು."

"ಹಂಗಾದ್ರೆ ಈ ತಿಂಗಳ ಕಂತು ಸ್ವಲ್ಪ ತಡ ಆಗ್ತದೆ, ಬುದ್ಧಿ."

"ತಡವೇ? ಪತ್ರ ನನ್ನ ಪೆಟ್ಟಿಗೇಲಿದೆ, ಮನೆ ನನ್ನದು. ಅಮಾವಾಸ್ಯೆಯೊಳಗೆ ಕೀಲಿಕೈ ತಂದಿಡು!"

ಬೀರಣ್ಣನ ಎದೆ ಒಡೆದುಹೋಯಿತು. ಹೆಂಡತಿ ಮಾಳವ್ವನ ಓಲೆ, ಸರ ಎಲ್ಲ ಮಾರಿ ಮೊದಲ ಕಂತು ಕಟ್ಟಿದ್ದ. ಅಳುತ್ತಾ ಆಸ್ಥಾನದ ಜಾಣ ದುಗ್ಗಪ್ಪನ ಮನೆಗೆ ಬಂದ.

"ಹಿತ್ತಲು ನೋಡದೆ ಮನೆ ಕೊಂಡೆಯಾ? ನಿನ್ನ ಬುದ್ಧಿವಂತಿಕೆಗೆ ನಾನೇ ನಿನ್ನ ಶಿಷ್ಯನಾಗಬೇಕು ಕಣಯ್ಯಾ!" ಅಂದ ದುಗ್ಗಪ್ಪ. "ಹೋಗಲಿ, ಶುಕ್ರವಾರ ಗೃಹಪ್ರವೇಶ ಇಟ್ಕೋ. ರಾಜರನ್ನ ನಾನು ಕರೀತೀನಿ, ನಂಜರಾಯರನ್ನ ನೀನು ಕರಿ. ಒಂದೇ ಮಾತು. ಪುರೋಹಿತರು ಮಣೆ ಮೇಲೆ ಕೂರು ಅಂದರೆ ಕೂರಬೇಡ."

ಬೀರಣ್ಣನಿಗೆ ತಲೆಬುಡ ತಿಳಿಯಲಿಲ್ಲ. ಆದರೂ ತಲೆಯಾಡಿಸಿದ.

ಬಿಟ್ಟಿ ಊಟ ಅಂದರೆ ನಂಜರಾಯ ಬಿಟ್ಟಾನೆಯೇ? ಹೆಂಡತಿಯ ಸಮೇತ ಎಲ್ಲರಿಗಿಂತ ಮೊದಲೇ ಬಂದ. ಬೀದಿಗೆ ಬೀದಿಯೇ ಸೇರಿತು.

"ಮನೆ ಯಜಮಾನರು ಮಣೆ ಮೇಲೆ ಬನ್ನಿ," ಅಂದರು ಪುರೋಹಿತರು.

ಬೀರಣ್ಣ ಕಂಬಕ್ಕೆ ಅಂಟಿಕೊಂಡು ನಿಂತ.

ದುಗ್ಗಪ್ಪ ಕೈಮುಗಿದ. "ಮಹಾಪ್ರಭು, ದೇವರ ಮುಂದೆ ತಪ್ಪಾಗಬಾರದು. ನಂಜರಾಯರೇ, ಈ ಮನೆಗೆ ಯಜಮಾನರು ಯಾರು?"

ರಾಜರ ಮುಂದೆ ಇಂಥ ಮರ್ಯಾದೆ ಬಂದರೆ ಬಿಡುವುದುಂಟೇ? ನಂಜರಾಯ ಎದೆಯುಬ್ಬಿಸಿದ. "ಕೊನೇ ಕಾಸು ತೀರೋವರೆಗೂ ನಾನೇ!"

"ಬನ್ನಿ ಯಜಮಾನರೇ, ಕೂತ್ಕೊಳ್ಳಿ!" ಅಂದ ದುಗ್ಗಪ್ಪ.

ಗಂಡ ಹೆಂಡತಿ ಬೀಗುತ್ತಾ ಕೂತರು. ಹಾಲು ಉಕ್ಕಿತು, ಮಂತ್ರ ಮುಗಿಯಿತು. ಪುರೋಹಿತರು ದಕ್ಷಿಣೆಗೆ ಕೈ ಚಾಚಿದ್ದು ಯಜಮಾನನ ಕಡೆಗೇ. ಅಡುಗೆಯವನು ಕೂಲಿಗೆ ಬಂದಿದ್ದೂ ಅಲ್ಲಿಗೇ. ನಂಜರಾಯನ ಮುಖ ಹರಳೆಣ್ಣೆ ಕುಡಿದಂತಾಯಿತು. ಆದರೂ ರಾಜರು ನೋಡುತ್ತಿದ್ದಾರಲ್ಲ, ಗಂಟು ಬಿಚ್ಚಿದ.

"ಯಜಮಾನರೇ, ಪ್ರಭುಗಳಿಗೆ ಮನೆ ತೋರಿಸೋಣ," ಅಂತ ದುಗ್ಗಪ್ಪ ಎಲ್ಲರನ್ನೂ ಹಿಂದಕ್ಕೆ ಕರೆದೊಯ್ದ. ಅಲ್ಲಿ ಗೋಡೆಯ ಜಾಗದಲ್ಲಿ ಆಕಾಶ ಕಾಣುತ್ತಿತ್ತು. ಪಕ್ಕದ ಮನೆಯ ಎಮ್ಮೆ ಒಳಗೆ ನಿಂತು ಮೆಲುಕು ಹಾಕುತ್ತಿತ್ತು.

"ಏನಯ್ಯಾ ಇದು ನಿನ್ನ ಮನೆ?" ರಾಜ ಗುಡುಗಿದ.

"ಅಯ್ಯೋ ಪ್ರಭು, ಮನೆ ಬೀರಣ್ಣನದು!"

"ಭಲೇ!" ಅಂದ ದುಗ್ಗಪ್ಪ. "ಮಣೆ ಹಾಕಿದಾಗ ನಿಮ್ಮದು, ಗೋಡೆ ಬಿದ್ದಾಗ ಬೀರಣ್ಣನದು. ನಿಮ್ಮದಾದರೆ ಗೋಡೆ ಕಟ್ಟಿಸಿ. ಅವನದಾದರೆ, ಅವನ ಮನೆಯಿಂದ ಅವನನ್ನೇ ಓಡಿಸೋಕೆ ನೀವ್ಯಾರು?"

ನಂಜರಾಯ ಮೆಲ್ಲಗೆ ಎಮ್ಮೆಯ ಹಿಂದಕ್ಕೆ ಸರಿದ.

ರಾಜ ಹೊಟ್ಟೆ ಹಿಡಿದುಕೊಂಡು ನಕ್ಕ. "ದೇವರ ಮುಂದೆ ಯಜಮಾನ ಅಂದವನೇ ಗೋಡೆ ಕಟ್ಟಿಸಲಿ. ಅದು ಏಳೋವರೆಗೆ ಬೀರಣ್ಣ ಕಂತು ಕಟ್ಟಬೇಕಿಲ್ಲ. ಮನೆ ಬಿಡಬೇಕಿಲ್ಲ."

ಮಾಳವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬೀರಣ್ಣ ಕಂಬ ಬಿಟ್ಟು ಈಚೆ ಬಂದ.

"ದುಗ್ಗಪ್ಪಾ, ನಿನಗೂ ಒಂದು ಮನೆ ಕೊಟ್ಟೆ, ತಗೋ!" ಅಂದ ರಾಜ.

ದುಗ್ಗಪ್ಪ ನಡು ಬಗ್ಗಿಸಿ ಕೈಮುಗಿದ. "ಕೊಡಿ ಮಹಾಪ್ರಭು. ಆದರೆ ಕೊಟ್ಟ ಮೇಲೆ ಅದು ಯಾರದು ಅನ್ನೋದನ್ನ ಈಗಲೇ ಹೇಳಿಬಿಡಿ!"