ಬಂಡೆಯ ಕೂಟ ಕೊಟ್ಟ ಬಾಗಿಲು

ಕುರುಚಲು ಕಾಡು ಮುಗಿದು ಹುಲ್ಲುಗಾವಲು ಶುರುವಾಗುವ ಕಡೆ ಒಂದು ಕೆಮ್ಮಣ್ಣಿನ ದಿಬ್ಬ. ಮಕ್ಕಳೇ, ಆ ದಿಬ್ಬದ ಹೊಟ್ಟೆಯ ತುಂಬ ಇಲಿಗಳ ಬಿಲಗಳಿದ್ದವು. ಒಂದರಂತೆ ಇನ್ನೊಂದಿಲ್ಲ. ಒಬ್ಬಳ ದಾರಿ ಎಡಕ್ಕೆ ತಿರುಗಿದರೆ ಪಕ್ಕದವಳದು ಬಲಕ್ಕೆ ಸುತ್ತಿ ಕೆಳಗಿಳಿಯುತ್ತಿತ್ತು. ಒಳಗೆ ಹೋದ ಮೇಲೆ ಬಿಲದ ಬಾಯಿಗೆ ಮಣ್ಣು ಮುಚ್ಚುವುದು ಅವರ ಪದ್ಧತಿ. ಪ್ರತಿ ಮನೆಗೂ ಒಂದು ಕಳ್ಳಬಾಗಿಲು. ಅದರ ಮೇಲೆ ತೆಳ್ಳನೆಯ ಮಣ್ಣು. ಆಪತ್ತು ಬಂದಾಗ ತಲೆಯಿಂದ ಗುದ್ದಿ ಹೊರಗೆ ಹಾರಬೇಕು. ಅದು ಎಲ್ಲಿದೆ ಎಂದು ಮನೆಯವರಿಗೆ ಮಾತ್ರ ಗೊತ್ತು.

ಅಲ್ಲಿ ಕೆಂಚವ್ವ ಎಂಬ ಇಲಿ ಇದ್ದಳು. ಇನ್ನೂ ಕಣ್ಣು ಬಿಡದ ಮರಿಗಳ ತಾಯಿ. ಅಗೆಯುವುದರಲ್ಲಿ ಎತ್ತಿದ ಕೈ. ಆದರೆ ಒಂದು ದುರ್ಗುಣ: ದೊಡ್ಡವರು ಏನು ಹೇಳಿದರೂ ಹೂಂ ಅಂದುಬಿಡುವಳು.

ಒಂದು ದಿನ ನರಿ ದಿಬ್ಬಕ್ಕೆ ಬಂತು. ಹತ್ತಿರ ಬರಲಿಲ್ಲ, ದೂರದಲ್ಲೇ ಕುಳಿತುಕೊಂಡಿತು.

"ಕೆಂಚವ್ವ ತಂಗೀ, ನಾವು ಬಿಲ ತೋಡುವವರೆಲ್ಲ ಸೇರಿ ಒಂದು ಕೂಟ ಕಟ್ಟಿದ್ದೇವೆ. ಮುಳ್ಳುಹಂದಿ ಅಜ್ಜ ಅಧ್ಯಕ್ಷರು. ಉಡ ಇದೆ, ನಾನಿದ್ದೇನೆ. ಕಾಡಿನ ಬಿಲಗಳೆಲ್ಲ ಒಂದೇ ಅಳತೆಯಲ್ಲಿರಬೇಕು ಅನ್ನುವುದು ನಮ್ಮ ಆಸೆ. ಹದ್ದು ಅಟ್ಟಿಸಿಕೊಂಡು ಬಂದರೆ ಯಾರ ಮನೆಗೆ ನುಗ್ಗಿದರೂ ನಿನಗೆ ದಾರಿ ಗೊತ್ತಿರುತ್ತದೆ!"

ಕೆಂಚವ್ವನ ಎದೆ ಚುರುಕ್ಕೆಂದಿತು. ಅವಳ ತಂಗಿ ಹೋದ ಸುಗ್ಗಿಯಲ್ಲಿ ಪಕ್ಕದವರ ಬಿಲಕ್ಕೆ ನುಗ್ಗಲು ದಾರಿ ಸಿಗದೆಯೇ ಹದ್ದಿನ ಪಾಲಾಗಿದ್ದಳು.

"ಅಳತೆ ಯಾರು ಗೊತ್ತು ಮಾಡುತ್ತಾರೆ ಅಣ್ಣಾ?"

"ಕೂಟ. ಯಾರು ಬೇಕಾದರೂ ಬರಬಹುದು. ಮಧ್ಯಾಹ್ನ, ಬೋಳು ಬಂಡೆಯ ಮೇಲೆ."

ಪಕ್ಕದ ಬಿಲದಿಂದ ಸೊಟ್ಟಬಾಲದ ಸುಬ್ಬಿ ಕಿಸಕ್ಕೆಂದಳು. "ಮಟಮಟ ಮಧ್ಯಾಹ್ನ ಬೋಳು ಬಂಡೆಗೆ ಹೋದ ಇಲಿ ಹದ್ದಿನ ಹೊಟ್ಟೆಯಲ್ಲೇ ಸಭೆ ನಡೆಸಬೇಕು. ನೆರಳಿರೋ ಕಡೆ ಸೇರಿ ಅಂತ ಹೇಳೇ!"

"ಸುಮ್ಮನಿರೇ ಸುಬ್ಬಿ. ದೊಡ್ಡವರು ಯೋಚನೆ ಮಾಡಿಯೇ ಮಾಡಿರುತ್ತಾರೆ. ನಮಗೇನು ತಿಳಿಯುತ್ತದೆ?"

ಕೇಳಿದಿರಾ ಮಕ್ಕಳೇ? ಹುಟ್ಟಿದಾಗಿನಿಂದ ಮಣ್ಣು ಅಗೆದವಳಿಗೆ ಬಿಲದ ವಿಷಯ ತಿಳಿಯದಂತೆ! ಮೈ ಉರಿಯಬೇಕು ಇಂಥ ಮಾತಿಗೆ.

ಇಲಿಗಳಿಲ್ಲದೆಯೇ ಕೂಟ ಸೇರಿತು, ಮುಗಿಯಿತು. ನರಿ ಬಂದು ತೀರ್ಮಾನ ಹೇಳಿತು. "ಬಾಯಿ ಅಗಲ ಇರಬೇಕು. ದಾರಿ ನೇರ ಇರಬೇಕು. ಬಾಯಿಗೆ ಮಣ್ಣು ಮುಚ್ಚಬಾರದು, ಓಡಿ ಬಂದವರಿಗೆ ಅಡ್ಡಿಯಾಗುತ್ತದೆ. ಕಳ್ಳಬಾಗಿಲು ಎಲ್ಲರದೂ ಮೂಡಣಕ್ಕೆ."

"ಮುಳ್ಳುಹಂದಿ ಅಜ್ಜನ ಬಿಲ ಇರೋದೇ ಹಾಗಲ್ಲವಾ?" ಎಂದಳು ಸುಬ್ಬಿ. "ಅವರು ಒಂದು ಹಿಡಿ ಮಣ್ಣೂ ಎತ್ತಬೇಕಾಗಿಲ್ಲ ಅನ್ನು."

ಕೆಂಚವ್ವ ಎಲ್ಲರಿಗಿಂತ ಮೊದಲು ಅಗೆದು ಮುಗಿಸಿದಳು. ಪರೀಕ್ಷೆಗೆ ಉಡ ಬಂತು.  ನಾಲಗೆ ಹೊರಗೆ ಚಾಚಿತು, ಒಳಗೆ ಎಳೆದುಕೊಂಡಿತು. ಬಿಲದ ಉದ್ದಕ್ಕೂ ಮೈ ಸವರಿಕೊಂಡು ಹೋಯಿತು, ಹಾಗೆಯೇ ಬಂತು. ಮಲಗಿದ್ದ ಮರಿಗಳ ಮುಂದೆ ಒಂದು ಗಳಿಗೆ ನಿಂತಿತು. ಆಮೇಲೆ ಬಾಗಿಲ ಮಣ್ಣಿನ ಮೇಲೆ ಉಗುರು ಒತ್ತಿ, "ಸರಿ ಇದೆ" ಎಂದು ಹೊರಟುಹೋಯಿತು.

ಆ ಉಗುರಿನ ಗುರುತನ್ನು ಕೆಂಚವ್ವ ಎಲ್ಲರಿಗೂ ತೋರಿಸಿದಳು. ಹಿಂದೆ ಬಿದ್ದವರ ಬೆನ್ನು ಹತ್ತಿ ಅಗೆಸಿದಳು. ಕೊನೆಗೆ ಸುಬ್ಬಿಯೂ ಗೊಣಗುತ್ತ ಅಗೆದಳು. ಅವಳ ಬಾಗಿಲಿಗೂ ಉಡದ ಉಗುರು ಬಿತ್ತು.

ಆಮೇಲೆ ದಿಬ್ಬ ಸದ್ದು ಕಳೆದುಕೊಳ್ಳತೊಡಗಿತು.

ಒಂದು ಬೆಳಗ್ಗೆ ಸುಬ್ಬಿಯನ್ನು ಕೂಗಿದರೆ ಉತ್ತರವಿಲ್ಲ. ಬಾಗಿಲು ತೆರೆದಿತ್ತು. ಅಂಗಳದಲ್ಲಿ ಒಂದು ಹನಿ ರಕ್ತವಿಲ್ಲ, ಒಂದು ಕೂದಲಿಲ್ಲ. 'ತವರಿಗೆ ಹೋಗಿರಬೇಕು' ಅಂದುಕೊಂಡಳು ಕೆಂಚವ್ವ. ಮರುದಿನ ಮೇಲಿನ ಮನೆಯವರೂ ಉತ್ತರ ಕೊಡಲಿಲ್ಲ. ಎಲ್ಲ ಬಾಗಿಲುಗಳೂ ಬಾಯಿ ತೆರೆದುಕೊಂಡು ಒಂದೇ ಕಡೆ ನೋಡುತ್ತಿದ್ದವು.

ಹೊತ್ತು ಮುಳುಗುವಾಗ ಕೆಂಚವ್ವ ಕಾಳು ಕಚ್ಚಿಕೊಂಡು ಮನೆಗೆ ಓಡಿ ಬಂದಳು. ಒಳಗೆ ನೋಡಿದರೆ ಹುಲ್ಲಿನ ಹಾಸಿಗೆ ಇದೆ, ಮರಿಗಳಿಲ್ಲ!

ಬಾಯಿಂದ ಕಾಳು ಬಿದ್ದುಹೋಯಿತು. ಇದು ತನ್ನ ಮನೆಯೋ, ಬೇರೆಯವರದೋ? ಬಾಯಿ ಅದೇ, ದಾರಿ ಅದೇ, ಉಗುರಿನ ಗುರುತೂ ಅದೇ. ಮೂಸಿದರೆ ಎಲ್ಲೆಲ್ಲೂ ಉಡದ ವಾಸನೆಯೇ. ಹಾಸಿಗೆ ಉದ್ದಕ್ಕೆ ಒತ್ತಿಹೋಗಿತ್ತು. ಇಲಿ ಮಲಗಿದ ಗುರುತಲ್ಲ ಅದು. ಹುಲ್ಲಿನ ಎಡೆಯಲ್ಲಿ ಒಂದು ಸೊಟ್ಟ ಬಾಲದ ತುದಿ ಬಿದ್ದಿತ್ತು.

ಸುಬ್ಬಿಯ ಮನೆ!

ಅಷ್ಟರಲ್ಲಿ ಬಿಲದ ಬೆಳಕು ಆರಿತು. ಬಾಗಿಲ ತುಂಬ ಏನೋ ತುಂಬಿಕೊಂಡು, ಸರಸರ ಸರಿಯುತ್ತ ಒಳಗೆ ಬರುತ್ತಿತ್ತು. ನೇರ ದಾರಿ, ಎಲ್ಲೂ ತಡೆಯಿಲ್ಲ. ಕೆಂಚವ್ವ ಮೂಡಣದ ಕಳ್ಳಬಾಗಿಲಿಗೆ ಓಡಿ, ಗುದ್ದಲು ತಲೆ ಎತ್ತಿದಳು. ಮೇಲಿನ ತೆಳು ಮಣ್ಣಿನಾಚೆ ಯಾರೋ ಉಸಿರಾಡುತ್ತಿದ್ದರು.

"ಬಾ ತಂಗೀ," ನರಿಯ ದನಿ ಮೆಲ್ಲಗೆ ಬಂತು. "ನೀನು ಇಲ್ಲಿಂದಲೇ ಬರುತ್ತೀ ಅಂತ ಕೂಟದಲ್ಲೇ ತೀರ್ಮಾನವಾಗಿದೆ."

ಕೆಂಚವ್ವ ಪಕ್ಕದ ಗೋಡೆಗೆ ಬಾಯಿ ಹಾಕಿದಳು. ಹಲ್ಲಿನಿಂದ ಕಡಿದಳು, ಕಾಲಿನಿಂದ ಮಣ್ಣು ಹಿಂದಕ್ಕೆ ಒದ್ದು ದಾರಿ ಮುಚ್ಚುತ್ತ ಹೋದಳು. ಎಡಕ್ಕೆ, ಕೆಳಕ್ಕೆ, ಮತ್ತೆ ಎಡಕ್ಕೆ. ಹಿಂದೆ ಉಗುರು ಕೆರೆಯುವ ಸದ್ದು ನೇರಕ್ಕೆ ಹೋಗಿ, ತಡವರಿಸಿ, ನಿಂತುಹೋಯಿತು. ಎದುರಿನ ಮಣ್ಣು ಕುಸಿಯಿತು. ಅದರಾಚೆ ಅವಳದೇ ಮನೆ; ಚೀಂ ಚೀಂ ಎಂದು ಮರಿಗಳು ಅಳುತ್ತಿದ್ದವು.

ಮೊದಲು ಬಾಗಿಲಿಗೆ ಮಣ್ಣು ಮುಚ್ಚಿದಳು. ಆಮೇಲೆ ಅತ್ತಳು.

ಬೆಳಗಾದ ಮೇಲೆ ಉಳಿದ ಇಲಿಗಳೆಲ್ಲ ಮುಳ್ಳುಪೊದೆಯ ನೆರಳಲ್ಲಿ ಸೇರಿದವು. ಮುದುಕಿಯರೂ ಮಾತಾಡಿದರು, ಕಿರಿಯರೂ ಮಾತಾಡಿದರು. ಅಪಾಯ ಕಂಡವರು ಹಿಂಗಾಲಿನಿಂದ ನೆಲ ಬಡಿಯಬೇಕು, ಕೇಳಿದವರು ತಮ್ಮ ಬಾಗಿಲು ತೆರೆದು ಓಡಿ ಬಂದವರನ್ನು ಒಳಗೆ ಎಳೆದುಕೊಳ್ಳಬೇಕು. ಇದು ಎಲ್ಲರಿಗೂ ಒಂದೇ. ಬಿಲದ ತಿರುವು ಮಾತ್ರ ಅವರವರದು.

ಮುಳ್ಳುಹಂದಿ ಬುಸುಗುಟ್ಟುತ್ತ ಬಂತು. "ಕೂಟದ ಅಳತೆ ಮುರಿದಿರಾ? ನಾನು ಗೆಡ್ಡೆ ತಿನ್ನುವವನು. ನಿಮ್ಮವರನ್ನು ನಾನೇನು ತಿಂದೆನೇ?"

"ತಿನ್ನಲಿಲ್ಲ ಅಜ್ಜಾ," ಎಂದಳು ಕೆಂಚವ್ವ. "ನೀವು ಬಂಡೆಯ ಮೇಲೆ ಕುಳಿತು ಹೂಂ ಅಂದಿರಿ. ನಾನು ಇಲ್ಲಿ ಕುಳಿತು ಹೂಂ ಅಂದೆ. ಸುಬ್ಬಿ ಹೋದಳು."

ಮುಳ್ಳುಹಂದಿ ತಿರುಗಿ ನಡೆಯಿತು. ದಿಬ್ಬದ ಆ ಬದಿಯ ಖಾಲಿ ಬಾಗಿಲುಗಳು ಈಗಲೂ ತೆರೆದೇ ಇವೆ. ಹೊತ್ತು ಮುಳುಗುವಾಗ ನೋಡಿದರೆ, ಒಂದರಿಂದ ಒಂದು ನಾಲಗೆ ಹೊರಗೆ ಬಂದು ಒಳಗೆ ಹೋಗುತ್ತದೆ.

ನೀತಿ: ನಿನ್ನ ಮನೆಯ ಬಾಗಿಲು ಹೇಗಿರಬೇಕೆಂದು ತೀರ್ಮಾನಿಸುವ ಕೂಟದಲ್ಲಿ ನಿನಗೂ ಮಾತಿರಬೇಕು; ಇಲ್ಲದಿದ್ದರೆ ಒಳಗೆ ನುಗ್ಗುವವನ ಮೈಯಳತೆಗೇ ಬಾಗಿಲು ಆಗುತ್ತದೆ.