ಕಡೇಮನಿ ಪೇಟೆ

ಮಾಸನಕೋಟೆಯ ಬಸ್ ನಿಲ್ದಾಣದಲ್ಲಿ ಇಳಿದು ‘ಕಡೇಮನಿ ಪೇಟೆ ಎಲ್ಲಿ?’ ಎಂದು ಕೇಳುವ ಹೊಸಬರು, ಊರಾಚೆ ಎಲ್ಲೋ ಬಹಳ ದೂರ ನಡೆಯಬೇಕಾದೀತೆಂದು ಚೀಲವನ್ನು ಹೆಗಲಿಗೇರಿಸಿಕೊಂಡೇ ಕೇಳುತ್ತಾರೆ. ಆಟೋದವರಲ್ಲಿ ಕೆಲವು ಕಿಲಾಡಿಗಳು ಅಂಥವರನ್ನು ಹತ್ತಿಸಿಕೊಂಡು ಊರೆಲ್ಲ ಒಂದು ಸುತ್ತು ಹಾಕಿಸಿ ಹೊರಟಲ್ಲಿಗೇ ತಂದು ಇಳಿಸುವುದೂ ಉಂಟು. ಏಕೆಂದರೆ ಪೇಟೆ ಇರುವುದು ನಿಲ್ದಾಣದ ಎದುರಿಗೇ. ಕೆಳಗೆ ಬಟ್ಟೆ, ಬಂಗಾರ, ಕಿರಾಣಿ ಅಂಗಡಿಗಳು, ಮೇಲೆ ಸಂಸಾರಗಳು, ಹಿತ್ತಲಲ್ಲಿ ಎಣ್ಣೆಗಿರಣಿ, ಹೊಲಿಗೆ ಯಂತ್ರ, ಕಬ್ಬಿಣ ಬಡಿಯುವ ಸದ್ದು. ಅಂಗಡಿಯ ಗಲ್ಲಾದಲ್ಲಿ ಕೂತವನಿಗೆ ಮಾಳಿಗೆಯಿಂದ ಊಟಕ್ಕೆ ಕೂಗಿದರೆ ಗಿರಾಕಿಗಳಿಗೂ ಅಂದಿನ ಪಲ್ಯ ಯಾವುದೆಂದು ತಿಳಿಯುತ್ತದೆ. ಕೋರ್ಟು, ಕಾಲೇಜು, ಹೊಸ ಬಡಾವಣೆಗಳೆಲ್ಲ ಇದನ್ನು ದಾಟಿ ಪೂರ್ವಕ್ಕೆ ಬೆಳೆದುಬಿಟ್ಟಿವೆ. ಊರಿನ ನಟ್ಟನಡುವೆ ಇರುವ ಜಾಗಕ್ಕೆ ಕಡೇಮನಿ ಎಂದು ಏಕೆ ಹೆಸರು ಬಂತೆಂದು ಕೇಳಿದರೆ ಇಲ್ಲಿಯ ಹಿರಿಯರು ಮೊದಲು ಕೂಡ್ರಿ ಎನ್ನುತ್ತಾರೆ. ನಿಂತು ಕೇಳಿ ಮುಗಿಸುವ ಕಥೆ ಇದಲ್ಲ.

ಹಿಂದೆ ಒಮ್ಮೆ ಈ ಊರೆಲ್ಲ ಕೋಟೆಯೊಳಗೇ ಇತ್ತು. ಮನೆಗೆ ಮನೆ ಒತ್ತಿ, ಗಾಣದ ಎತ್ತು ತಿರುಗಲು ಜಾಗವಿಲ್ಲದಷ್ಟು ಇಕ್ಕಟ್ಟಾದಾಗ, ಕೋಟೆಯನ್ನಾಳುತ್ತಿದ್ದ ದೇಸಾಯಿ ಮೂಡಲ ಬಾಗಿಲಿನ ಹೊರಗಿನ ಬಯಲಿನಲ್ಲಿ ಹೊಸ ಪೇಟೆಯೊಂದನ್ನು ಕಟ್ಟಿಸಲು ಮನಸ್ಸು ಮಾಡಿದ. ಮುಂದೆ ಅಂಗಡಿ, ಹಿಂದೆ ಮನೆ, ಹಿತ್ತಲಲ್ಲಿ ಕಸುಬು, ನಡುವೆ ಎಲ್ಲರಿಗೂ ಒಂದು ಬಾವಿ. ವ್ಯಾಪಾರಿಗಳು, ಕಸುಬಿನವರು ದೂರದೂರದಿಂದ ಬಂದು ನೆಲೆಸಲೆಂದು ಡಂಗುರ ಹೊಡೆಸಿದ. ನೆಲ ಅಳೆದು ಸುಣ್ಣದ ಗೆರೆ ಹಾಕುವ ಕೆಲಸ ಪಟ್ಟಣಶೆಟ್ಟಿಯದು. ಆಗಿನ ಪಟ್ಟಣಶೆಟ್ಟಿ ವೀರಸಂಗಪ್ಪ. ಒಳ್ಳೆಯ ಮನುಷ್ಯನೇ. ಆದರೆ ದೊಡ್ಡವರು ಹೆಗಲ ಮೇಲೆ ಕೈಯಿಟ್ಟರೆ ಕರಗಿ ನೀರಾಗುವ ಜಾತಿ. ಅಂಥ ಒಳ್ಳೆಯವರಿಂದ ಊರಿಗೆ ಆಗುವ ಹಾನಿಯನ್ನು ಕೆಟ್ಟವರು ಕೂಡ ಮಾಡಲಾರರು.

ಪೇಟೆ ಹೂಡುವುದಕ್ಕೆ ಈ ಸೀಮೆಯಲ್ಲಿ ಒಂದು ಕಟ್ಟುಪಾಡಿತ್ತು. ಗೆರೆ ಹಾಕಿದ ಮೇಲೆ, ಬಂದು ಸೇರಿದ ಸಂಸಾರಗಳ ಹೆಂಗಸರು ಬಂದ ಸರತಿಯಲ್ಲೇ ಒಲೆಗುಂಡುಗಳನ್ನು ಹೊತ್ತು ನಡೆದು, ತಮಗೆ ಒಪ್ಪಿದ ನಿವೇಶನದಲ್ಲಿ ಒಲೆ ಹೂಡಿ ಹಾಲು ಉಕ್ಕಿಸಬೇಕು. ಹೂಡಿದ ಒಲೆಯನ್ನು ದೇಸಾಯಿಯೇ ಬಂದರೂ ಕೀಳುವಂತಿಲ್ಲ. ಎಲ್ಲರದೂ ಮುಗಿದ ಮೇಲೆ ಉಳಿದ ಕಡೆಯ ಜಾಗ ಪಟ್ಟಣಶೆಟ್ಟಿಯ ಮನೆಗೆ. ಗೆರೆ ಎಳೆದವನೇ ಕಡೆಗೆ ಆರಿಸಬೇಕೆಂದಾಗ ಯಾವ ಮೂಲೆಯನ್ನೂ ಅವನು ಕೆಡಿಸಲಾರ ಎಂಬುದು ಹಿಂದಿನವರ ಲೆಕ್ಕಾಚಾರ.

ವೀರಸಂಗಪ್ಪ ಮೊದಲು ಹಾಕಿದ ಗೆರೆಯಲ್ಲಿ ಕೊಂಕು ತೆಗೆಯುವಂಥದ್ದು ಏನೂ ಇರಲಿಲ್ಲ. ಕೋಟೆಯೊಳಗಿನ ಮಳೆನೀರೆಲ್ಲ ಗೋಡೆಯ ಬುಡದ ಗಂಡಿಯಿಂದ ಹೊರಬಿದ್ದು, ಬಯಲಿನ ನಡುವೆ ಸರುವಾಗಿ, ಸಣ್ಣ ತೊರೆಯಂತೆ ಹರಿದು ಹಳ್ಳ ಸೇರುತ್ತಿತ್ತು. ಆ ಸರುವಿಗೆ ದಾರಿ ಬಿಟ್ಟು, ಎರಡೂ ಮಗ್ಗುಲಿಗೆ ಮನೆಗಳ ಸಾಲು ಗುರುತಿಸಿದ್ದ. ಹೆಂಡತಿ ದಾನವ್ವ ಸುಣ್ಣದ ಪುಟ್ಟಿ ಹಿಡಿದು ಅವನ ಹಿಂದೆ ನಡೆದಿದ್ದಳು. ಹಗ್ಗ ಹಿಡಿದವನು ಅವನು, ಸುಣ್ಣ ಉದುರಿಸಿದವಳು ಅವಳು. ಅಷ್ಟರಲ್ಲಿ ದೇಸಾಯಿಯ ಹೆಂಡತಿಯ ತಮ್ಮ ರುದ್ರಗೌಡ ಕುದುರೆಯೇರಿ ಬಂದ. ಬಾವಿಯ ಪಕ್ಕದ ನಡುಜಾಗದಲ್ಲಿ ತನಗೊಂದು ದೊಡ್ಡ ಉಗ್ರಾಣ ಬೇಕೆಂದ. ಅಲ್ಲಿ ಸರುವಿದೆ ಎಂದಾಗ ಇಳಿದು, ವೀರಸಂಗಪ್ಪನ ಹೆಗಲ ಮೇಲೆ ಕೈಯಿಟ್ಟು, “ನಿನ್ನಂಥ ಶಾಣ್ಯಾ ಇದ್ದಾಗ ಸರುವು ಯಾವ ಲೆಕ್ಕ, ಶೆಟ್ಟಿ?” ಎಂದ. ಅಷ್ಟೇ ಸಾಕಾಯಿತು. ಗೆರೆಗಳು ಅಳಿಸಿಹೋದವು. ಸರುವನ್ನು ಮಣ್ಣಿನ ಒಡ್ಡಿನಿಂದ ತೆಂಕಲಿಗೆ ತಿರುಗಿಸುವುದೆಂದಾಯಿತು. ತೆಂಕಲ ಸಾಲಿನ ತುದಿಯ ನಿವೇಶನ ಮೊದಲೇ ತಗ್ಗು. ಮಳೆ ಬಂದರೆ ಇನ್ನು ಕೋಟೆಯ ನೀರೆಲ್ಲ ಅದರ ಮೇಲೇ.

ಕಡೆಗೆ ಆ ತಗ್ಗು ತನ್ನ ಪಾಲಿಗೇ ಉಳಿಯುತ್ತದೆಂದು ವೀರಸಂಗಪ್ಪನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅದಕ್ಕೇ ಪೇಟೆಯ ಬಾಯಲ್ಲಿ ಎತ್ತರದ ಒಂದು ಜಾಗವನ್ನು ‘ಇದು ಮನೆಯಲ್ಲ, ಪೇಟೆಯ ಚಾವಡಿ’ ಎಂದು ಬೇರೆ ಮಾಡಿಟ್ಟ. ಕೆಳಗೆ ಚಾವಡಿ, ಮೇಲೆ ತನ್ನ ಸಂಸಾರ. ಚಾವಡಿಗೆ ಯಾರೂ ಒಲೆ ಹೂಡುವಂತಿಲ್ಲವಲ್ಲ! ಮಗಳು ನೀಲವ್ವ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು, ದಿನ ತುಂಬುತ್ತಿತ್ತು. ಎಲ್ಲವನ್ನೂ ಅವಳಿಗಾಗಿಯೇ ಮಾಡುತ್ತಿದ್ದೇನೆಂದು ಅವನು ತನ್ನನ್ನೇ ನಂಬಿಸಿಕೊಂಡ. ಎರಡನೆಯ ಸಲ ಸುಣ್ಣ ಉದುರಿಸುವಾಗ ದಾನವ್ವ ಒಂದು ಮಾತೂ ಆಡಲಿಲ್ಲ. ಅವಳು ಬೈದಿದ್ದರೆ ಅವನಿಗೆ ಇಷ್ಟು ದಿಗಿಲಾಗುತ್ತಿರಲಿಲ್ಲ.

ಒಲೆ ಹೂಡುವ ದಿನ ಬಿಸಿಲು ನೆತ್ತಿ ಸೀಳುವಂತಿತ್ತು. ನೆಲ ಒಣಗಿ ಬಿರಿದಿತ್ತು. ದೂರದಿಂದ ಬಂದವರಿಗೆ ಎಲ್ಲಿ ನೀರು ಹರಿಯುತ್ತದೆಂದು ತಿಳಿಯುವುದು ಹೇಗೆ? ಗಾಣಿಗರು, ಕಮ್ಮಾರರು, ಬಣಜಿಗರು ತಮತಮಗೆ ಬೇಕಾದ ಕಡೆ ಹಾಲು ಉಕ್ಕಿಸಿದರು. ಕೊನೆಗೆ ಬಂದವಳು ನೇಕಾರರ ಬನವ್ವ. ಗಂಡನನ್ನು ಕಳೆದುಕೊಂಡವಳು, ಎರಡು ಎಳೆಯ ಮಕ್ಕಳ ತಾಯಿ. ಮಗ್ಗದ ಮರಗಳನ್ನು ಹೇರಿದ ಬಂಡಿ ನಿಧಾನವಾಗಿ ಬಂದದ್ದರಿಂದ ಅವಳ ಸರತಿ ಎಲ್ಲರ ಹಿಂದೆ. ಉಳಿದದ್ದು ಆ ತಗ್ಗು ಒಂದೇ. ವೀರಸಂಗಪ್ಪ ಬೇರೆ ಕಡೆ ನೋಡುತ್ತ ನಿಂತ. ಅವಳು ಅಲ್ಲಿಯ ಮಣ್ಣನ್ನು ಹಿಡಿಯಲ್ಲಿ ಎತ್ತಿ ಹಿಸುಕಿ ನೋಡಿ ಹಿಗ್ಗಿಬಿಟ್ಟಳು. ಕಾಲು ಇಳಿಬಿಟ್ಟು ನೇಯುವ ಗುಂಡಿಮಗ್ಗದವರಿಗೆ ಮೆತ್ತನೆಯ ತಂಪು ನೆಲವೆಂದರೆ ಬಂಗಾರ. ಗುಂಡಿ ತೋಡುವುದೂ ಸುಲಭ, ನೂಲೂ ಹರಿಯುವುದಿಲ್ಲ.

“ಯಣ್ಣಾ, ಕಡೀಗೆ ಬಂದ್ರೂ ನನಗ ಚೊಲೋ ಜಾಗಾನೇ ಇಟ್ಟೀರಿ. ನಿಮ್ಮ ಹೊಟ್ಟಿ ತಣ್ಣಗಿರಲಿ,” ಎಂದಳು.

ಆ ಹಾರೈಕೆ ಅವನ ಎದೆಗೆ ಚುಚ್ಚಿತು. ಆದರೂ ಬಾಯಿ ತೆರೆಯಲಿಲ್ಲ. ಬನವ್ವ ಬಂಡಿಯಿಂದ ಒಲೆಗುಂಡು ಇಳಿಸಲು ತಿರುಗಿದಳು. ಅಷ್ಟರಲ್ಲಿ ಜನ ಸರಿದು ದಾರಿಬಿಟ್ಟರು. ದಾನವ್ವ ತನ್ನ ಮನೆಯ ಒಲೆಗುಂಡುಗಳನ್ನು ಬುಟ್ಟಿಯಲ್ಲಿ ಹೊತ್ತು, ಚಾವಡಿಯ ಜಾಗವನ್ನು ದಾಟಿ, ಬಾವಿಯನ್ನು ದಾಟಿ, ಸೀದಾ ತೆಂಕಲ ಸಾಲಿನ ತುದಿಗೆ ನಡೆದಳು. ಹಿಂದೆ ಹಾಲಿನ ತಂಬಿಗೆ ಹಿಡಿದ ನೀಲವ್ವ, ತುಂಬು ಬಸುರಿ. ನೋಡನೋಡುತ್ತಿದ್ದಂತೆ ಗುಂಡುಗಳು ತಗ್ಗಿನಲ್ಲಿ ಕೂತವು, ಬೆಂಕಿ ಹತ್ತಿತು, ಹಾಲು ಉಕ್ಕಿತು. “ಚಾವಡಿ ಜಾಗ ನಿನಗ, ತಂಗಿ. ಅಲ್ಲಿ ಹೂಡು ನಿನ್ನ ಮಗ್ಗ,” ಎಂದು ದಾನವ್ವ ಹೇಳಿದರೆ ಬನವ್ವನಿಗೆ ಕೇಳಿಸಬೇಕಲ್ಲ! ಮೈಯೆಲ್ಲ ಬೆಂಕಿಯಾಗಿ, “ಇದ್ದವರು ನೀವು, ಇಲ್ಲದಾಕಿ ಪಾಲು ಕಸಗೊಂಡ್ರಲ್ಲ!” ಎಂದು ಮಣ್ಣು ತೂರಿ ಶಪಿಸಿದಳು. ದಾನವ್ವ ತಲೆತಗ್ಗಿಸಿ ಕೇಳಿಕೊಂಡಳು. ವೀರಸಂಗಪ್ಪ ಹೆಂಡತಿಯ ಹತ್ತಿರ ಬಂದು ಹಲ್ಲು ಕಚ್ಚಿ ಪಿಸುಗುಟ್ಟಿದ:

“ತಲಿ ಕೆಟ್ಟೈತೇನ ನಿನಗ? ಮಗಳ ಬಾಣಂತನ ಈ ತಗ್ಗಿನ್ಯಾಗ ಮಾಡ್ತೀ?”

“ಆಕಿ ಮಕ್ಕಳು ಇಲ್ಲಿ ಮಲಗಬಹುದಂದ್ರ ನನ್ನ ಮಗಳು ಯಾಕ ಮಲಗಬಾರದ್ರಿ? ಗೆರಿ ನೀವ ಎಳದೀರಿ.”

ಅಲ್ಲಿಂದ ಮುಂದಿನ ದಿನಗಳನ್ನು ವೀರಸಂಗಪ್ಪ ಆಕಾಶ ನೋಡುತ್ತಲೇ ಕಳೆದ. ಸುತ್ತಲಿನ ಗೋಡೆಗಳು ಏಳುತ್ತಿದ್ದವು. ರುದ್ರಗೌಡನ ಉಗ್ರಾಣವಂತೂ ಎಲ್ಲರಿಗಿಂತ ಮೊದಲು ಎದ್ದಿತು. ಹೆಬ್ಬಾಗಿಲ ಪಕ್ಕದ ಗೋಡೆಯಲ್ಲಿ ದೊಡ್ಡದೊಂದು ಕಲ್ಲಿನ ಆನೆಯನ್ನು ಕೆತ್ತಿಸುತ್ತಿದ್ದ. ತಗ್ಗಿನಲ್ಲಿ ಚಪ್ಪರದ ಕೆಳಗೆ ದಾನವ್ವ ರೊಟ್ಟಿ ಬಡಿಯುತ್ತಿದ್ದಳು. ಮೂಡಲಲ್ಲಿ ಒಂದು ತುಣುಕು ಮೋಡ ಕಂಡರೂ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ. ರುದ್ರಗೌಡನ ಮುಂದೆ ಕೈಮುಗಿದು, ಸರುವನ್ನು ಹಳೆಯ ದಾರಿಗೆ ಬಿಡಬೇಕು, ಉಗ್ರಾಣದ ಒಂದು ಮಗ್ಗುಲನ್ನು ಒಡೆಯಬೇಕು ಎಂದು ಬೇಡಿಕೊಂಡ. ರುದ್ರಗೌಡ ಹೊಟ್ಟೆ ಹಿಡಿದುಕೊಂಡು ನಕ್ಕು, ಮಗಳನ್ನು ಕೋಟೆಯೊಳಗೆ ತನ್ನ ಅಕ್ಕನ ಮನೆಗೆ ಕಳಿಸು, ಪಲ್ಲಕ್ಕಿಯನ್ನೇ ಕೊಡುತ್ತೇನೆ ಎಂದ. ವೀರಸಂಗಪ್ಪನಿಗೆ ಹೋದ ಜೀವ ಬಂದಂತಾಯಿತು. ಓಡುತ್ತ ಬಂದು ಮಗಳಿಗೆ ಹೇಳಿದ. ನೀಲವ್ವ ಅಪ್ಪನ ಮುಖವನ್ನೇ ನೋಡಿದಳು.

“ನಾ ಇಲ್ಲಿಂದ ಎದ್ದು ಹೋದ್ರ, ಅಪ್ಪಾ, ನೀ ಆ ಗೆರಿ ಅಳಸ್ತೀ ಏನು?”

ಅವನು ಹೊರಗೆ ಬಂದು ನಿಂತಿದ್ದ ಪಲ್ಲಕ್ಕಿಯ ಕಡೆ ನೋಡಿದ. ಅವಳು ಆಚೆ ಕಡೆ ಹೊರಳಿ ಮಲಗಿದಳು. ಪಲ್ಲಕ್ಕಿ ಬರಿದೇ ಹಿಂದಿರುಗಿತು.

ರೋಹಿಣಿ ಮಳೆಯ ಮೊದಲ ಹನಿ ಒಂದು ಮಧ್ಯಾಹ್ನ ಬಿತ್ತು. ದೊಡ್ಡ ಮಳೆಯೇನಲ್ಲ. ಆದರೂ ಕೋಟೆಯ ಗಂಡಿಯಿಂದ ಕೆಂಪು ನೀರು ನುಗ್ಗಿ, ಒಡ್ಡಿಗೆ ಬಡಿದು ತಿರುಗಿ, ಚಪ್ಪರದೊಳಕ್ಕೆ ಹೊಕ್ಕಿತು. ದಾನವ್ವ ಹೆರಿಗೆ ನೋವು ಹಿಡಿದಿದ್ದ ಮಗಳ ಹೊರಸಿನ ಕಾಲುಗಳ ಕೆಳಗೆ ಕಲ್ಲು ಕೊಟ್ಟು ಎತ್ತರಿಸಿದಳು. ಒಲೆ ಆರದಂತೆ ಮುಂದೆ ಮಣ್ಣು ಒಟ್ಟಿದಳು. ಬೇರೆ ದಾರಿಯಿಲ್ಲದೆ ಒಲೆ ಹೂಡಿದ್ದ ಚಾವಡಿಯ ಎತ್ತರದಲ್ಲಿ, ಒಣ ನೆಲದ ಮೇಲೆ ನಿಂತಿದ್ದ ಬನವ್ವ ಇದನ್ನೆಲ್ಲ ನೋಡಿದಳು. ತನ್ನ ಮಗ್ಗದ ಗುಂಡಿ ಎಲ್ಲಿರಬೇಕಿತ್ತು, ಮಕ್ಕಳು ಎಲ್ಲಿ ಮಲಗಿರಬೇಕಿತ್ತು ಎಂಬುದು ಅವಳಿಗೆ ಆಗ ಹೊಳೆಯಿತು. ಸೆರಗು ಸಿಕ್ಕಿಸಿ ನೀರಿಗಿಳಿದು, ದಾನವ್ವನ ಪಕ್ಕದಲ್ಲಿ ಕೂತು ಮಣ್ಣು ಒಟ್ಟತೊಡಗಿದಳು. ಅದನ್ನು ಕಂಡು ವೀರಸಂಗಪ್ಪನಿಗೆ ತಡೆಯಲಾಗಲಿಲ್ಲ. ಮೊಳಕಾಲ ತನಕ ಕೆಸರು ಮೆತ್ತಿಕೊಂಡವನು ಹಾಗೆಯೇ ಕೋಟೆಗೆ ಓಡಿ, ಒಡ್ಡೋಲಗದ ಹಾಸಿನ ಮೇಲೆ ಹೆಜ್ಜೆ ಮೂಡಿಸುತ್ತ ದೇಸಾಯಿಯ ಮುಂದೆ ನಿಂತ. ರುದ್ರಗೌಡನೂ ಅಲ್ಲೇ ಕೂತಿದ್ದ.

ಆಗ ನಡೆದ ಮಾತನ್ನು ಪೇಟೆಯಲ್ಲಿ ಇಂದಿಗೂ ಒಂದಕ್ಷರ ಆಚೀಚೆ ಮಾಡದೆ ಹೇಳುತ್ತಾರೆ. ಎಲ್ಲ ಕೇಳಿದ ಮೇಲೆ ದೇಸಾಯಿ, “ನೀರು ಅಲ್ಲಿಗೆ ಬರ್ತದಂತ ಗೆರಿ ಎಳಿಯುವಾಗ ನಿನಗ ಕಾಣಲಿಲ್ಲೇನು, ಶೆಟ್ಟಿ?” ಎಂದ.

“ಕಂಡಿತ್ರೀ, ಧಣ್ಯಾರ. ನನ್ನ ಮನಿ ಅಲ್ಲಲ್ಲ ಅಂತ ಎಳದೆ.”

“ಈಗ?”

“ಈಗ ಅಲ್ಲಿ ನನ್ನ ಮಗಳು ಬ್ಯಾನಿ ತಿನ್ನಾಕತ್ತಾಳ್ರಿ.”

ಒಡ್ಡೋಲಗದಲ್ಲಿ ಸುಳ್ಳಿಗೆ ಒಗ್ಗಿಹೋದ ಕಿವಿಗಳಿಗೆ ಇಂಥ ಮಾತು ಹೊಸದು. ಗೋಡೆ ಎದ್ದಾಗಿದೆ, ಆನೆ ಕೆತ್ತಿಸಿದ್ದಾಗಿದೆ, ಒಂದು ಹೊರಸನ್ನು ಎತ್ತಿ ಆಚೆ ಇಟ್ಟರೆ ಮುಗಿಯಿತಲ್ಲ ಎಂದು ರುದ್ರಗೌಡ ಗೊಣಗಿದ. ದೇಸಾಯಿ ಅವನ ಕಡೆ ತಿರುಗಲೇ ಇಲ್ಲ. ಹೂಡಿದ ಒಲೆ ಕೀಳುವ ಹಕ್ಕು ತನಗೂ ಇಲ್ಲ, ಗೋಡೆ ಕೀಳುವ ಹಕ್ಕು ಮಾತ್ರ ಇದೆ ಎಂದು ಹೇಳಿ, ಹಾರೆ ತರಿಸಿ ವೀರಸಂಗಪ್ಪನ ಕೈಯಲ್ಲೇ ಕೊಟ್ಟ.

ಅವನು ಹಿಂದಿರುಗುವಷ್ಟರಲ್ಲಿ ಮಳೆ ಬಲಿತಿತ್ತು. ಗೋಡೆಗೆ ಮೊದಲ ಪೆಟ್ಟು ಹಾಕಿದವನು ಅವನೇ. ಬಳಿಕ ಕಮ್ಮಾರರು ಸುತ್ತಿಗೆ ತಂದರು, ಗಾಣಿಗರು ಎತ್ತು ಕಟ್ಟಿ ಕಲ್ಲು ಎಳೆದರು. ತಗ್ಗಿನಲ್ಲಿ ನೀರು ಹೊರಸಿನ ಹಗ್ಗ ಮುಟ್ಟುತ್ತಿತ್ತು. ನೀಲವ್ವನ ನರಳಾಟ ಮಳೆಯ ಸದ್ದಿನ ಮೇಲೂ ಕೇಳುತ್ತಿತ್ತು. ಪ್ರತಿ ನರಳಿಕೆಗೂ ಅವನ ಹಾರೆ ಒಂದು ಸಲ ಬೀಳುತ್ತಿತ್ತು. ಅಂಗೈ ಸುಲಿದು ರಕ್ತ ಬಂತು. ಕೊನೆಗೆ ಗೋಡೆ ಕುಸಿದು, ಒಡ್ಡು ಕಡಿದು, ಸರುವು ತನ್ನ ಹಳೆಯ ದಾರಿ ಹಿಡಿಯಿತು. ಅದು ಉಗ್ರಾಣದ ನಡುವೆಯೇ ಧೋ ಎಂದು ಹರಿಯಿತು. ತಗ್ಗಿನ ನೀರು ನೋಡನೋಡುತ್ತ ಇಳಿಯಿತು. ಕತ್ತಲಾಗುವ ಮೊದಲೇ ಚಪ್ಪರದಿಂದ ಕೂಸಿನ ಅಳು ಕೇಳಿತು. ವೀರಸಂಗಪ್ಪ ಹಾರೆಯನ್ನು ಅಪ್ಪಿಕೊಂಡು ಕೆಸರಿನಲ್ಲೇ ಕುಕ್ಕರಿಸಿ, ಜನರೆದುರಿಗೆ ನಾಚದೆ ಅತ್ತ. ಕೂಸನ್ನು ಮೊದಲು ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡು ಬಂದವಳು ಬನವ್ವ. ತಾನು ಹಾಕಿದ ಶಾಪವನ್ನೆಲ್ಲ ಒಂದೊಂದಾಗಿ ಹಿಂದಕ್ಕೆ ತೆಗೆದುಕೊಳ್ಳುತ್ತ ಅದರ ನೆತ್ತಿಗೆ ಮುತ್ತಿಡುತ್ತಿದ್ದಳಂತೆ.

ದೇಸಾಯಿ ಈ ಪೇಟೆಗೆ ತನ್ನ ತಂದೆಯ ಹೆಸರಿಟ್ಟು ಶಾಸನವನ್ನೇ ಬರೆಸಿದ. ಜನ ಮಾತ್ರ ಆ ತಗ್ಗಿನ ಮನೆಯ ಗುರುತಿನಿಂದ ಕಡೇಮನಿ ಪೇಟೆ ಎಂದೇ ಕರೆದರು. ಇಲ್ಲಿಗೆ ಬಂದವರು ಈಗಲೂ ಬಾವಿಯ ಪಕ್ಕದ ಹಳೆಯ ಉಗ್ರಾಣದ ಗೋಡೆಯಲ್ಲಿ ಅರ್ಧ ಆನೆಯನ್ನು ನೋಡಬಹುದು. ಸೊಂಡಿಲು, ಮುಂಗಾಲುಗಳು ಇವೆ, ಹಿಂಭಾಗವಿಲ್ಲ. ಹಿಂಭಾಗ ಇರಬೇಕಾದಲ್ಲಿ ಕಲ್ಲು ಕಟ್ಟಿದ ಕಾಲುವೆ ಕಟ್ಟಡದೊಳಗೆ ಹೊಕ್ಕು ಆಚೆ ಹೊರಬೀಳುತ್ತದೆ. ಕಾಲುವೆ ದಾಟಿ ತೆಂಕಲ ಸಾಲಿನ ತುದಿಗೆ ನಡೆದರೆ, ರಸ್ತೆಗಿಂತ ಎರಡು ಮೆಟ್ಟಿಲು ಕೆಳಗೆ ಪಟ್ಟಣಶೆಟ್ಟರ ಮನೆಯಿದೆ. ಪೇಟೆಯ ಯಾವ ಮನೆಯ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದರೂ ಮೊದಲು ಆ ಮನೆಗೆ ಕರೆದೊಯ್ದು, ಪಡಸಾಲೆಯಲ್ಲಿ ಒಂದು ಗಳಿಗೆ ಮಲಗಿಸಿ ಕಳಿಸುವ ವಾಡಿಕೆ ಇಂದಿಗೂ ತಪ್ಪಿಲ್ಲ. ಎಂಥ ಜಡಿಮಳೆಯಲ್ಲೂ ಒದ್ದೆಯಾಗುವುದು ಉಗ್ರಾಣದ ನೆಲವೇ. ಇಲ್ಲಿ ಮಲಗುವ ಬಸುರಿಯರ ಬೆನ್ನ ಕೆಳಗಿನ ನೆಲ ಬೆಚ್ಚಗಿರುತ್ತದೆ.